ಹಾಡು ಮುಗಿದ ಮೇಲಿನ ನಗು

"ನನ್ನ ನಗು ಎಲ್ಲಿ ಹೋಯ್ತು?" ಎಂದು ಕೇಳಲೆಂದೇ ಅಂದು ಸ್ಟುಡಿಯೋದ ಮೆಟ್ಟಿಲು ಹತ್ತಿದೆ.

ನನ್ನ ಗಂಡ ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿಟ್ಟಿದ್ದ ಹಾಡುಗಳೆಲ್ಲ ವೇವ್ ಫೈಲುಗಳು. ದಢೂತಿ ಫೈಲುಗಳು, ಅತ್ತೆಯ ಚಿಕ್ಕ ಫೋನಿನಲ್ಲಿ ಹಿಡಿಸುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಅತ್ತೆ ನನ್ನಲ್ಲಿ ಕೇಳಿದ್ದು ಒಂದೇ. "ಅವನ ದನಿ ನನ್ನ ಫೋನಿಗೆ ಹಾಕಿಸಿಕೊಡೇ."

ಬೀದಿಯ ಕೊನೆಯ ರೆಕಾರ್ಡಿಂಗ್ ಸ್ಟುಡಿಯೋವನ್ನು ಒಬ್ಬರೇ ನಡೆಸುತ್ತಿದ್ದವರು ಪೆನ್‌ಡ್ರೈವ್ ಹಾಕಿ ನೋಡಿದರು. "ಎಲ್ಲಾನೂ ಚಿಕ್ಕ ಎಂಪಿತ್ರೀ ಫೈಲ್ ಮಾಡೋಕೆ ಒಂದು ಕಾಫಿ ಕುಡಿಯೋಷ್ಟು ಹೊತ್ತು ಸಾಕು."

"ಒಂದೊಂದೇ ಮಾಡಿಕೊಡಿ. ಅವಸರ ಇಲ್ಲ."

ಅವರ ಹುಬ್ಬು ಮೇಲೇರಿ ಮೆಲ್ಲನೆ ಇಳಿಯಿತು. "ನಂಗೂ ಇಲ್ಲ."

ಅಂದಿನಿಂದ ವಾರಕ್ಕೊಂದು ಹಾಡು. ಅವರು ಪರದೆ ನೋಡುತ್ತಿದ್ದರು, ನಾನು ಅವರ ಬೆರಳುಗಳನ್ನು. ಹಾಡುವ ಕೋಣೆಯ ಗಾಜಿನಲ್ಲಿ ಒಮ್ಮೊಮ್ಮೆ ಕಣ್ಣಿಗೆ ಕಣ್ಣು ಸಿಕ್ಕುತ್ತಿತ್ತು. ಆಗೆಲ್ಲ ನನ್ನ ಹೆಡ್‌ಫೋನಿನಲ್ಲಿ ಗಂಡ ಹಾಡುತ್ತಲೇ ಇರುತ್ತಿದ್ದ. ಮನೆಗೆ ಬಂದು ಅತ್ತೆಯ ಮುಖ ನೋಡದೆ ಫೋನು ಕೊಡುತ್ತಿದ್ದೆ.

ಒಂದು ವಾರ ಹಾಡು ಕೇಳಿ ಅತ್ತೆ ಗೊಣಗಿದರು. "ಇದೂ ಅರ್ಧಕ್ಕೇ ನಿಂತಿದೆ ಕಣೇ."

"ಹಾಡು ಪೂರ್ತಿ ಇದೆಯಲ್ಲ ಅತ್ತೆ?"

"ಹಾಡು ಯಾರಿಗೆ ಬೇಕು? ಅವನು ಮುಗಿಸಿದ ಕೂಡ್ಲೇ ನೀನು ಅಡುಗೆಮನೆಯಿಂದ ಕೂಗ್ತಿದ್ದೆ, 'ನಿನ್ನ ಶ್ರುತಿ ಓಡಿಹೋಯ್ತು, ಹಿಡ್ಕೊಂಡು ಬಾ' ಅಂತ. ಆಮೇಲೆ ಬಿದ್ದೂ ಬಿದ್ದೂ ನಗ್ತಿದ್ದೆ. ಅದೆಲ್ಲಿ?"

ಲ್ಯಾಪ್‌ಟಾಪಿನಲ್ಲಿ ಮೂಲ ಫೈಲು ಹಾಕಿದೆ. ನಗು ಇತ್ತು. ಸ್ಟುಡಿಯೋದಿಂದ ಬಂದ ಯಾವ ಹಾಡಿನಲ್ಲೂ ಇರಲಿಲ್ಲ.

ಮೆಟ್ಟಿಲು ಹತ್ತಿ ಹೋಗಿ ಕೇಳಿದ ಆ ಪ್ರಶ್ನೆಗೆ ಸ್ಟುಡಿಯೋದವರ ಕಿವಿ ಕೆಂಪಾಯಿತು.

"ಗಲಾಟೆ ಅಂತ ತೆಗೆದ್ರಾ?"

"ಹಾಗಂತ ಸುಳ್ಳು ಹೇಳಬಹುದಿತ್ತು." ಮೌಸಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಕತ್ತರಿಸಿದ್ದನ್ನ ಎಸೆದಿಲ್ಲ. ಬೇರೆ ಫೈಲ್ ಮಾಡಿ ಇಟ್ಕೊಂಡಿದ್ದೀನಿ. ದಿನಾ ಕೇಳ್ತೀನಿ. ಇಲ್ಲಿಗೆ ಬಂದಾಗ ನೀವು ಒಂದು ಸಲಾನೂ ನಕ್ಕಿಲ್ಲ... ತಪ್ಪು ಅಂತ ಗೊತ್ತು. ಸಾವಿನ ಮನೇಲಿ ಕದ್ದ ಹಾಗೆ."

ಬೈಯಲೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಈ ಕನ್ವರ್ಟ್ ಮಾಡೋ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪಲ್ಲೂ ಇದೆ. ಕಾಲೇಜಿನ ದಿನದಿಂದ."

ಅವರು ತಲೆಯೆತ್ತಿದರು. "ಮತ್ತೆ ಇಲ್ಲಿಗೆ ಯಾಕೆ..."

"ಅದನ್ನ ನನ್ನ ಬಾಯಲ್ಲೇ ಹೇಳಿಸ್ಬೇಕಾ?"

ಅವರು ಕದ್ದದ್ದು ಹಾಡಿನ ತುದಿಯನ್ನಷ್ಟೇ. ನಾನು ಗಂಡನ ಇಡೀ ದನಿಯನ್ನೇ ನೆಪ ಮಾಡಿಕೊಂಡಿದ್ದೆ.

"ನನ್ನ ಹತ್ರ ಇರೋದನ್ನ ಅಳಿಸಿಬಿಡ್ಲಾ?"

"ಅಳಿಸಿ. ಆ ನಗು ಅವನದು. ಅವನು ನಗಿಸಿದ್ದು."

ನನ್ನೆದುರೇ ಅಳಿಸಿದರು. ಆಮೇಲೆ ಅಲ್ಲಿಯವರೆಗಿನ ಹಾಡುಗಳನ್ನೆಲ್ಲ ಮೂಲದಿಂದ ಮತ್ತೆ ಕನ್ವರ್ಟ್ ಮಾಡಿದರು, ಈ ಸಲ ಕೊನೆಯವರೆಗೆ. ಪರದೆಯ ಮೇಲೆ ಹಸಿರು ಪಟ್ಟಿ ತುಂಬುವುದನ್ನೇ ಇಬ್ಬರೂ ನೋಡುತ್ತಿದ್ದೆವು.

ಬಾಗಿಲ ಬಳಿ ಬಂದಾಗ ಕೇಳಿದರು. "ಇನ್ನು ಬರಲ್ಲ, ಅಲ್ವಾ?"

"ನಿಮಗೊಂದು ನಗು ಬೇಕಿದ್ರೆ ನೀವೇ ನಗಿಸ್ಬೇಕು" ಎಂದೆ.

ಅಂದದ್ದೇ ತಡ, ಬೆನ್ನ ಹಿಂದೆ ಗಂಡ ನಿಂತು ಕೇಳಿಸಿಕೊಂಡನೇನೋ ಎಂದು ತಿರುಗಿ ನೋಡಿದೆ. ಗೋಡೆ ಹಿಡಿದು ಮೆಟ್ಟಿಲಿಳಿದೆ.

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಹಾಡು ಮುಗಿಯಿತು. ನನ್ನ ಕೂಗು, ನನ್ನ ನಗು, ಅದರೊಳಗೆ ಅವನದೂ. ಅತ್ತೆ ಕಣ್ಣೊರೆಸಿಕೊಂಡರು.

"ಈಗ ಪೂರ್ತಿ ಇದೆ. ಹಾಡೆಲ್ಲ ಮುಗೀತಾ?"

ಪೆನ್‌ಡ್ರೈವ್ ನನ್ನ ಮುಷ್ಟಿಯಲ್ಲಿ ಬಿಸಿಯಾಗಿತ್ತು. ಇನ್ನು ಸುಳ್ಳು ಹೇಳಲಾಗಲಿಲ್ಲ.

"ಇನ್ನೂ ಇವೆ. ಆದ್ರೆ... ಇದನ್ನ ಮನೇಲೇ ಮಾಡಬಹುದು ಅತ್ತೆ. ನಂಗೆ ಬರುತ್ತೆ. ಮೊದಲಿಂದಲೂ."

"ಗೊತ್ತು ಕಣೇ. ನನ್ನ ಮಗನಿಗೆ ಕಂಪ್ಯೂಟರಲ್ಲಿ ಆ ಕೆಲಸ ಕಲಿಸಿದ್ದೇ ನೀನಲ್ವಾ?"

ಅತ್ತೆ ಮತ್ತೆ ಅದೇ ಹಾಡು ಹಾಕಿಕೊಂಡು ಗೋಡೆಯ ಕಡೆ ತಿರುಗಿದರು.

"ಮುಂದಿನ ವಾರ ಹೋಗೋವಾಗ" ಎಂದರು, "ತಲೆಯಾದ್ರೂ ನೆಟ್ಟಗೆ ಬಾಚ್ಕೊಂಡು ಹೋಗು."