ಬಂದರಿನ ಬಾಗಿಲ ಮುದುಕಿ

ದೊಬ್ರುಜಾ ಸೀಮೆಯ ನಮ್ಮ ಹಳ್ಳಿಯ ಹೆಸರು ಅರ್ಗಾನ. ಗುಡ್ಡದಾಚೆ ಎರಡು ಸಾವಿರ ವರ್ಷದಿಂದ ಹಾಳುಬಿದ್ದಿರುವ ಪಟ್ಟಣದ ಹೆಸರೂ ಅದೇ.

ವರ್ಷಕ್ಕೊಮ್ಮೆ ಸತ್ತವರ ಶನಿವಾರ ಬಂದರೆ ಪ್ರತಿ ಮನೆಯವರೂ ಗೋಧಿ ಪಾಯಸದ ಹೊಸ ಗಡಿಗೆಯೊಂದನ್ನು ದಾನ ಕೊಡುತ್ತೇವೆ. ಅದಕ್ಕೆ ಕೆಂಪು ದಾರ ಕಟ್ಟುವವಳು ಮನೆಗೆ ಹಿರಿಯಳು; ಒಬ್ಬೊಬ್ಬಳ ಗಂಟೂ ಬೇರೆ ಬೇರೆ. ಅಮ್ಮ ತೀರಿಕೊಂಡ ವರ್ಷ ಮೊದಲ ಸಲ ನಾನೇ ಕಟ್ಟಿದೆ. ನಡುಮಧ್ಯಾಹ್ನ, ಗುರುತಿಲ್ಲದ ಮುದುಕಿಯೊಬ್ಬಳು ಬಾಗಿಲಿಗೆ ಬಂದಳು.

"ಯಾವೂರಜ್ಜಿ?"

"ಇದೇ ಅರ್ಗಾನ ಕಣೇ. ಬಂದರಿನ ಬಾಗಿಲ ಪಕ್ಕದ ಮನೆ."

ನಮ್ಮೂರಿಗೆ ಬಂದರೇ ಇಲ್ಲ. ಗಡಿಗೆ ತೆಗೆದುಕೊಂಡ ಅವಳ ಬೆರಳು ಮಂಜುಗಡ್ಡೆಯಂತಿತ್ತು. ಬಿರುಬಿಸಿಲಲ್ಲೂ ಲಂಗದ ಅಂಚಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

ಮರುವಾರ, ಹಾಳುಪಟ್ಟಣದಲ್ಲಿ ಅಗೆಯುವ ಕೆಲಸಕ್ಕೆ ಹೋಗುವ ನೆರೆಮನೆಯ ನೆಕುಲಾಯ್ ಓಡಿಬಂದ.

"ಜಂಫೀರಕ್ಕಾ, ದಾನ ಕೊಡೋಕೆ ಜೀವ ಇರೋರು ಯಾರೂ ಸಿಗ್ಲಿಲ್ವಾ ನಿಮ್ಗೆ? ಹಾಸುಗಲ್ಲು ಎಬ್ಬಿಸಿದ್ದೇ ಇವತ್ತು, ಅಡಿಯಲ್ಲಿ ನಿಮ್ಮ ಗಂಟಿರೋ ಗಡಿಗೆ!"

ಹೋಗಿ ನೋಡಿದೆ. ಹಳೇ ಬಂದರಿನ ಬಾಗಿಲ ಪಕ್ಕ ಒಂದಲ್ಲ, ಒಂಬತ್ತು ಗಡಿಗೆಗಳು ಸಾಲಾಗಿದ್ದವು. ಮುಟ್ಟಿದರೆ ಎಲ್ಲವೂ ಬೆಚ್ಚಗಿದ್ದವು. ನಾನು ಇಲ್ಲಿಯವರೆಗೆ ಕೊಟ್ಟದ್ದು ಒಂದೇ ಒಂದು.

ಎಂಟು ಗಡಿಗೆಗಳ ದಾರಕ್ಕೆ ನನ್ನದೇ ಗಂಟು ಬಿದ್ದಿತ್ತು. ಒಂಬತ್ತನೆಯದಕ್ಕೆ ನನ್ನ ಎಡಚಿ ಮಗಳು ಇಲಿಂಕಾ ಹಾಕುವ ಗಂಟು.