ಅವಳು ಕತ್ತರಿಸಿದ ಏಳು ತೊಟ್ಟು

"ಯಾರ್ರೀ ಮೇಲೆ? ಏನ್ ಸುರೀತಿದ್ದೀರಾ?"

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಅವಳು ಮೆಟ್ಟಿಲು ಹತ್ತಿದಳು. ಕೈಯಲ್ಲಿ ಡಾಕ್ಟರೊಬ್ಬರ ಬಿಳಿ ಕೋಟು. ಇಸ್ತ್ರಿ ಮಾಡಿ ಅಂಗಡಿ ಬಾಗಿಲಿಗೆ ನೇತುಹಾಕಿದ್ದಳಷ್ಟೇ, ಭುಜದ ಮೇಲೆ ಟಪ್ ಟಪ್ ಅಂತ ಕಂದು ಹನಿ! ಅದೂ ಅಂಟಂಟು! ಟೈಲರಿಂಗ್ ಅಂಗಡಿ ತೆರೆದು ಇನ್ನೂ ನಾಲ್ಕು ದಿನ ಆಗಿರಲಿಲ್ಲ.

ಬಾಗಿಲು ತೆರೆದವನು ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. ಆ ಕಣ್ಣು ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಕಂಡು, ಬೈಯಲು ಬಂದವಳಿಗೆ ನಗು ಒತ್ತರಿಸಿ ಬಂತು.

"ನಾನು ಸುರಿದಿದ್ದಲ್ಲ ಮೇಡಂ... ಹೂವು ಸುರಿದಿದ್ದು. ಅದು ಜೇನು."

ಬಾಲ್ಕನಿಯಲ್ಲಿ ಒಂದು ಕುಂಡ ತೂಗುತ್ತಿತ್ತು. ತಂತಿಯ ಬಳೆಗೆ ಸುತ್ತಿದ ಬಳ್ಳಿ, ದಪ್ಪದಪ್ಪ ಎಲೆ. ನಡುವೆ ಮೇಣದಲ್ಲಿ ಅಚ್ಚು ಹಾಕಿದ ಹಾಗೆ ಕಡುಗೆಂಪು ನಕ್ಷತ್ರಗಳ ಗೊಂಚಲು. ಪ್ರತಿ ಹೂವಿನ ಮಧ್ಯೆ ಒಂದೊಂದು ಹನಿ.

"ಹೋಯಾ ಅಂತಾರೆ ಇದನ್ನ. ಈ ಬಣ್ಣ ತುಂಬಾ ಅಪರೂಪ. ಅಮ್ಮ ಇಪ್ಪತ್ತು ವರ್ಷ ಸಾಕಿದ್ರು. ಅಮ್ಮ ಹೋದ ಮೇಲೆ... ನಾನು ನೋಡ್ಕೋತೀನಿ."

ಅವಳ ಕೋಪ ಎಲ್ಲಿ ಹೋಯಿತೋ! ಕೋಟನ್ನು ಅವನೇ ಒಗೆದುಕೊಟ್ಟ. ಎಷ್ಟು ಕೆಟ್ಟದಾಗಿ ಒಗೆದನೆಂದರೆ, ಅವಳು ಮತ್ತೊಮ್ಮೆ ಒಗೆಯಬೇಕಾಯಿತು. ಸ್ನೇಹ ಶುರುವಾದದ್ದು ಹಾಗೆ.

ಆಮೇಲೆ ದಿನಾ ಸಂಜೆ ಅಂಗಡಿ ಮುಚ್ಚಿ ಒಂದು ಸಲ ಮೇಲೆ ಹೋಗಿ ಬರದಿದ್ದರೆ ಅವಳಿಗೆ ಸಮಾಧಾನವಿಲ್ಲ. ಹೂ ನೋಡೋಕೆ ಅಂತ ಹೇಳುತ್ತಿದ್ದಳು. ಹೂವೆಲ್ಲ ಉದುರಿದ ಮೇಲೂ ಹೋಗುತ್ತಿದ್ದಳು, ಪಾಪ!

ಒಂದು ದಿನ ಅವನು ಬ್ಯಾಗ್ ಹಿಡಿದು ಅಂಗಡಿಗೆ ಬಂದ. "ಪಕ್ಕದ ಊರಿನ ಗೋಪುರದ ಗಡಿಯಾರ ನಿಂತುಹೋಗಿದೆ. ಇಪ್ಪತ್ತು ದಿನದ ಕೆಲಸ. ಬೀಗದ ಕೈ ತಗೊಳ್ಳಿ. ಹತ್ತು ದಿನಕ್ಕೊಂದು ಸಲ ನೀರು ಹಾಕಿ, ಸಾಕು. ಎಲೆಯಲ್ಲೇ ನೀರಿರುತ್ತೆ. ಬೇರೇನೂ ಮಾಡ್ಬೇಡಿ."

"ಅಷ್ಟೇನಾ?"

ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಮತ್ತೆ ಹೂ ಬಿಟ್ಟಾಗ... ನಿಮ್ಮನ್ನ ಒಂದು ಮಾತು ಕೇಳ್ಬೇಕು."

ಆ ದಿನ ಅವಳು ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಳು.

ಬೇರೇನೂ ಮಾಡ್ಬೇಡಿ ಅಂದಿದ್ದ. ಆದರೆ ಕೆಲವರ ಕೈ ಸುಮ್ಮನಿರುತ್ತದೆಯೇ? ದಾರ ನೇತಾಡುತ್ತಿದ್ದರೆ ಟೈಲರ್ ಕಣ್ಣಿಗೆ ನಿದ್ದೆ ಬರುವುದಿಲ್ಲ. ಬಳ್ಳಿಯ ತುಂಬ ಅಲ್ಲಲ್ಲಿ ಎಲೆಯಿಲ್ಲದ, ಒಣಗಿದ ಮೋಟು ತೊಟ್ಟುಗಳು. ನೀಟಾಗಿ ಕಾಣಲಿ, ಅವನಿಗೆ ಖುಷಿಯಾಗಲಿ ಅಂತ ಸೊಂಟದ ಕತ್ತರಿ ತೆಗೆದು ಕಚ್ ಕಚ್ ಅಂತ ಕತ್ತರಿಸಿಬಿಟ್ಟಳು. ಏಳು ತೊಟ್ಟು.

ಅವನು ವಾಪಸ್ ಬಂದವನೇ ಬಾಲ್ಕನಿಗೆ ಹೋದ. ಮುಖ ಬಿಳಿಚಿಕೊಂಡಿತು.

"ತೊಟ್ಟುಗಳೆಲ್ಲಿ? ಹೂ ಉದುರಿದ ಆ ಹಳೇ ತೊಟ್ಟಲ್ಲೇ ಪ್ರತಿ ಸಲ ಹೂ ಬರೋದು... ಅಮ್ಮನ ಕಾಲದ ತೊಟ್ಟು ಅವು!"

ಅವಳು ಸೊಂಟದ ಕತ್ತರಿಯ ಮೇಲೆ ಕೈ ಮುಚ್ಚಿಕೊಂಡಳು.

"ಅಕ್ಕ ಬಂದಿದ್ಲಾ ಮನೆ ಗುಡಿಸೋಕೆ?"

"ಹೂಂ... ಭಾನುವಾರ ಬಂದಿದ್ರು."

ಸುಳ್ಳಲ್ಲ, ಅವನಕ್ಕ ನಿಜವಾಗಿಯೂ ಬಂದಿದ್ದಳು. ಆದರೆ ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಅವನಾಗಲೇ ಫೋನ್ ಹಿಡಿದಿದ್ದ. "ಅಮ್ಮನದು ಅಂತ ಉಳಿದಿದ್ದು ಇದೊಂದೇ ಅಕ್ಕಾ! ಅದನ್ನೂ ಉಳಿಸ್ಲಿಲ್ವಲ್ಲ ನೀನು!"

'ಈಗ ಹೇಳು... ಈಗಲೇ ಹೇಳು...' ಹೇಳಲಿಲ್ಲ. ಕೆಳಗೆ ಹೋಗಿ ಕಸದ ಬುಟ್ಟಿಯಿಂದ ಏಳು ತೊಟ್ಟುಗಳನ್ನೂ ಹುಡುಕಿ ಗುಂಡಿಯ ಡಬ್ಬಿಯಲ್ಲಿ ಹಾಕಿ, ಮಿಷಿನ್ ಮೇಲೆ ತಲೆಯಿಟ್ಟು ಅತ್ತಳು.

ಆಮೇಲೆ ಅವನಿಗೆ ಮುಖ ಕೊಡಲಾಗಲಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಸಾಕು, ಮಿಷಿನ್ ಜೋರಾಗಿ ತುಳಿಯುತ್ತಿದ್ದಳು. 'ನಾನು ಕೇಳ್ಬೇಕು ಅಂದಿದ್ದ ಮಾತು ಏನಂತ ಊಹಿಸಿರ್ಬೇಕು. ಇಷ್ಟವಿಲ್ಲ, ಅದಕ್ಕೇ ದೂರ ಹೋಗ್ತಿದ್ದಾಳೆ,' ಅಂದುಕೊಂಡ ಅವನು. ಮೂರು ವಾರ ಹೀಗೇ ಹೋಯಿತು.

ಒಂದು ಬೆಳಿಗ್ಗೆ ಅಂಗಡಿಗೆ ಅವನಕ್ಕ ಬಂದಳು, ಗಂಡನ ಪ್ಯಾಂಟ್ ಗಿಡ್ಡ ಮಾಡಿಸಲು. ಕಣ್ಣು ಮೇಲಕ್ಕೆ, ತಮ್ಮನ ಬಾಲ್ಕನಿ ಕಡೆಗೆ.

"ಮೇಲೆ ಹೋಗಲ್ವಾ ಅಕ್ಕಾ?"

"ಯಾವ ಮುಖ ಇಟ್ಕೊಂಡು ಹೋಗ್ಲಮ್ಮಾ? ಫೋನ್ ಮಾಡಿದ್ರೂ ಎತ್ತಲ್ಲ. ಆವತ್ತು ಎಲೆ ಮೇಲಿನ ಧೂಳು ಒರೆಸಿದ್ದೆ. ಬಟ್ಟೆ ಸಿಕ್ಕಿಹಾಕ್ಕೊಂಡು ಮುರಿದಿರ್ಬೇಕು. ನೆನಪೇ ಇಲ್ಲ ನೋಡು... ಆದ್ರೂ ನಾನೇ ಇರ್ಬೇಕು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಗುಂಡಿಯ ಡಬ್ಬಿ ತೆಗೆದುಕೊಂಡು ಅಕ್ಕನ ಕೈ ಹಿಡಿದಳು. "ಬನ್ನಿ ನನ್ನ ಜೊತೆ."

ಮೇಲೆ ಅವನ ಮೇಜಿನಲ್ಲಿ, ಗಡಿಯಾರದ ಚಕ್ರ, ಸ್ಪ್ರಿಂಗುಗಳ ನಡುವೆ ಏಳು ತೊಟ್ಟು ಬಿದ್ದವು.

"ನಾನು ಕತ್ತರಿಸಿದ್ದು. ಅಕ್ಕ ಅಲ್ಲ. ನೀವು ಕೇಳಿದಾಗ ಅಕ್ಕನ ಹೆಸರು ಹೇಳಿ ತಪ್ಪಿಸ್ಕೊಂಡೆ. ಅಕ್ಕಾ, ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ..."

ಅಕ್ಕ "ಅಯ್ಯೋ!" ಅಂತ ಕುರ್ಚಿಯಲ್ಲಿ ಕುಸಿದಳು. ಅವನು ತೊಟ್ಟುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟ.

"ಹೂ ಹೋದ್ರೆ ಮತ್ತೆ ಬರುತ್ತೆ ಮೇಡಂ. ಮೂರು ವಾರ ನಾನು ಅಕ್ಕನ ಫೋನ್ ಎತ್ತಲಿಲ್ಲ. ನೀವು ಇಲ್ಲೇ, ಕೆಳಗೇ ಕೂತಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ತಲೆ ತಗ್ಗಿಸಿ ಇಳಿದು ಬಂದಳು.

ಹನ್ನೆರಡು ದಿನ ಮಾತಿಲ್ಲ. 'ಮುಗೀತು... ನನ್ನ ಕೈಯಾರೆ ಕತ್ತರಿಸ್ಕೊಂಡೆ,' ಅಂತ ಅಂಗಡಿ ಖಾಲಿ ಮಾಡುವ ಯೋಚನೆಯನ್ನೂ ಮಾಡಿದಳು.

ಹದಿಮೂರನೆಯ ದಿನ ಮೆಟ್ಟಿಲ ಮೇಲೆ ಹೆಜ್ಜೆ. ಎದುರಿಗೆ ಅವನು, ಎರಡೂ ಕೈಯಲ್ಲಿ ಕುಂಡ!

"ಕತ್ತರಿ ತಗೊಳ್ಳಿ."

"ನಾನಾ? ಬೇಡ... ಇನ್ನು ಈ ಬಳ್ಳಿ ಮುಟ್ಟಲ್ಲ ನಾನು."

"ಎರಡು ತುಂಡು ಬೇಕು. ಒಂದು ಅಕ್ಕನ ಮನೆಗೆ. ನಿನಗೆ ಕತ್ತರಿ ಹಿಡಿಯೋಕೆ ಬರಲ್ಲ, ಟೈಲರ್ ಹುಡುಗಿ ಹತ್ರಾನೇ ಮಾಡಿಸು ಅಂತ ಅವಳೇ ಕಳ್ಸಿದ್ಲು."

"ಅಕ್ಕಾನೇ?" ಅವಳು ಕತ್ತರಿ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. "ನನ್ನ ಕೈ ನಡುಗುತ್ತೆ."

"ನಡುಗ್ಲಿ. ಒಂದು ಮಾತೂ ಕೇಳ್ದೆ ಅಕ್ಕನ ಮೇಲೆ ಹಾರಿದೋನು ನಾನು. ನನಗೂ ಹನ್ನೆರಡು ದಿನದಿಂದ ನಾಚಿಕೆ. ಇಲ್ಲಿ, ಈ ಗಿಣ್ಣಿನ ಕೆಳಗೆ ಕತ್ತರಿಸಿ."

ಕತ್ತರಿಸಿದಳು. ಹಾಲು ಜಿನುಗಿತು. ಅದು ಆರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತರು.

"ಎರಡನೇದು ಯಾರಿಗೆ?"

"ಈ ಅಂಗಡಿ ಕಿಟಕಿಗೆ."

ಅವಳ ಕಣ್ಣು ತುಂಬಿ ಬಂತು. "ಇದು ಹೂ ಬಿಡೋಕೆ ಎಷ್ಟು ದಿನ?"

"ಎರಡು ವರ್ಷ. ಮೂರೂ ಆಗಬಹುದು."

"ಹೂ ಬಿಟ್ಟಾಗ ಒಂದು ಮಾತು ಕೇಳ್ತೀನಿ ಅಂದಿದ್ರಿ... ಮೂರು ವರ್ಷ ಕಾಯೋಕೆ ನನ್ ಕೈಲಾಗಲ್ಲ ಕಣ್ರೀ. ಈಗಲೇ ಕೇಳಿ!"

ಅವನು ನಕ್ಕ. ಎಷ್ಟು ದಿನವಾಗಿತ್ತು ಆ ನಗು ನೋಡಿ! "ಈಗ ಕೇಳಿದ್ರೆ ನಿಜ ಹೇಳ್ತೀರಾ?"

"ಇನ್ಮೇಲೆ ನಿಜಾನೇ."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ. ಆದ್ರೆ... ಒಂದು ವಿಷಯ ಒಪ್ಕೋಬೇಕು."

"ಅಯ್ಯಯ್ಯೋ, ಮತ್ತೇನು ಕತ್ತರಿಸಿದ್ರಿ?"

"ಇನ್ನೂ ಇಲ್ಲ. ನಿಮ್ಮ ಅಂಗಿ ತೋಳಲ್ಲಿ ಒಂದು ದಾರ ನೇತಾಡ್ತಿದೆ. ಆಗಿನಿಂದ ಕೈ ತಡ್ಕೊಂಡು ಕೂತಿದ್ದೀನಿ."

ಅವನು ತೋಳನ್ನು ಅವಳ ಮಡಿಲ ಮೇಲಿಟ್ಟ.

"ಕತ್ತರಿಸಿ."