ನೀಲಿ ಬಸ್ಸಿನ ಮಂಬೆತಾಲಿಯ ಕೊನೆಯ ಪಯಣ

ಬುರ್ಮಾಕಾನ್ ಊರುಗೋಲು ಊರಿಕೊಂಡು ಅಂಗಳಕ್ಕೆ ಕಾಲಿಟ್ಟಾಗ ಕೆಂಜೆಬೆಕ್ ಚಹಾದ ನೀರು ಕಾಯಿಸುವ ಸಮಾವರಿಗೆ ಉರಿಸಲು ಪೈನ್ ಕಾಯಿ ತುಂಬುತ್ತಿದ್ದ. ಇಷ್ಟು ವರ್ಷವಾದ ಮೇಲೂ ಆ ಹೊಗೆಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಅವನಿಗೆ ಮೊದಲು ನೆನಪಾಗುವುದು ಆ ವರ್ಷದ ಎಲೆ ಉದುರುವ ಕಾಲ, ಆ ಅಂಗಳ, ಜಗಲಿಯ ಮೇಲೆ ಕೂತು ಸಕ್ಕರೆ ಗಟ್ಟಿಯನ್ನು ಕಟಕಟ ಕಡಿಯುತ್ತಿದ್ದ ಉಮ್ಸುನಾಯ್ ಎಜೆ.

ಉಮ್ಸುನಾಯ್ ನರಿನ್ ಪಟ್ಟಣದ ನ್ಯಾಯಾಲಯದಲ್ಲಿ ತನಿಖಾಧಿಕಾರಿಯಾಗಿದ್ದವರು. ಊರಿಗೆಲ್ಲ ಎಜೆ, ಅಂದರೆ ಅಕ್ಕ. ಕೆಂಜೆಬೆಕ್ ಅವರ ಜೀಪಿನ ಚಾಲಕನಾಗಿದ್ದ. ನಿವೃತ್ತಿಯ ದಿನ ಕಚೇರಿ ಅವರನ್ನೂ ಬಿಟ್ಟಿತು, ಆ ಲಡಾಸು ಜೀಪನ್ನೂ ಬಿಟ್ಟಿತು. ಕೆಂಜೆಬೆಕ್ ಮಾತ್ರ ಎರಡನ್ನೂ ಬಿಡಲಿಲ್ಲ.

"ಬಾ ತಾಯಿ, ಕೂತ್ಕೋ. ಕಾಲು ಚಾಚು, ನಾಚ್ಕೋಬೇಡ," ಅಂದರು ಉಮ್ಸುನಾಯ್.

ಬುರ್ಮಾಕಾನ್ ಕೂತಳು. ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು. ಅವಳ ಗಂಡ ಮಂಬೆತಾಲಿ ಸತ್ತು ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಅವನು ಯಾರೆಂದು ಆ ಸೀಮೆಯಲ್ಲಿ ಹೇಳಬೇಕಾದ್ದಿರಲಿಲ್ಲ. ಕೋಕ್-ಬುಲಾಕ್ ಊರಿನಿಂದ ದೊಲೊನ್ ಬೆಟ್ಟ ಹತ್ತಿ ಕೊಚ್ಕೋರಿಗೆ ಹೋಗುತ್ತಿದ್ದ ನೀಲಿ ಬಸ್ಸನ್ನು ಒಂದು ತಲೆಮಾರು ಓಡಿಸಿದವನು. ಹುಡುಗನಾಗಿದ್ದಾಗ ಕೆಂಜೆಬೆಕ್ ಅದೇ ಬಸ್ಸಿನ ಎಂಜಿನ್ ಮುಚ್ಚಳದ ಮೇಲೆ ಕೂತು, ಕುಂಡೆ ಬಿಸಿ ಮಾಡಿಕೊಂಡು, ಗೇರು ಬದಲಾಯಿಸುವ ಆ ದೊಡ್ಡ ಕೈಯನ್ನೇ ನೋಡುತ್ತಿದ್ದ. ಚಾಲಕನಾಗಬೇಕೆಂಬ ಆಸೆ ಹುಟ್ಟಿದ್ದು ಅಲ್ಲೇ.

"ಅಪಘಾತದ ವಿಷಯ ಕೇಳಿದ್ದೀನಿ," ಅಂದರು ಉಮ್ಸುನಾಯ್. "ನಿನ್ನ ಬಾಯಿಂದ ಕೇಳ್ಬೇಕು."

"ಏನು ಹೇಳ್ಲಿ ಎಜೆ! ಕೊಚ್ಕೋರಿನಲ್ಲಿ ನನ್ನ ತಂಗಿ ಮಗಳ ಮದುವೆ. ವಾಪಸ್ ಬರುವಾಗ ಸಮುದಿನ್ ತನ್ನ ಜಪಾನಿ ಕಾರಲ್ಲಿ ಕರೆದ. ಅಂಗಡಿ ಇಟ್ಟಿದಾನಲ್ಲ, ಗಾಡಿ ಬಿಡಿಭಾಗದ್ದು, ಅವನೇ. ಹೊರಟಾಗ ಸ್ಟೀರಿಂಗ್ ಚಕ್ರ ನಮ್ಮವರ ಕೈಲಿತ್ತು. ಸಮುದಿನ್ ಮದುವೆಮನೇಲಿ ಚೆನ್ನಾಗಿ ಏರಿಸಿದ್ದ, ಅದಕ್ಕೆ. ನಾನು ಹಿಂದೆ ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ಆಸ್ಪತ್ರೆ."

ಕೆಂಪು ತಿರುವಿನಲ್ಲಿ ಕಾರು ಉರುಳಿ ಹೊಳೆಯ ದಂಡೆಗೆ ಬಿದ್ದಿತ್ತು. ಗಂಡಸರಿಬ್ಬರೂ ಆಚೆಗೆ ಎಸೆಯಲ್ಪಟ್ಟಿದ್ದರು. ಮಂಬೆತಾಲಿ ಅಲ್ಲೇ ತೀರಿಕೊಂಡ. ಸಮುದಿನ್‌ಗೆ ತರಚು ಗಾಯ.

"ಬಿಷ್ಕೆಕ್ ಡಾಕ್ಟರು ಕಾಲನ್ನ ಮತ್ತೆ ಮುರಿದು ಕೂಡಿಸ್ಬೇಕು ಅಂತಾರೆ. ಹಿಮ ಬೀಳೋಕೆ ಮುಂಚೆ ಮಾಡಿಸ್ದಿದ್ರೆ ಹೀಗೇ ಉಳಿಯುತ್ತಂತೆ. ಮಂಡಿ ಊರಿ ಉಣ್ಣೆ ಕಂಬಳಿ ಹೊಲಿಯೋಳು ನಾನು, ಮಂಡಿಯೇ ಇಲ್ದಿದ್ರೆ ಏನು ತಿನ್ಲಿ? ಪರಿಹಾರ ಕೇಳೋಣ ಅಂತ ಠಾಣೆಗೆ ಹೋದೆ. ಆ ಕಾರಿಗೆ ವಿಮೆನೇ ಇಲ್ಲ. ವಿಮೆ ಇಲ್ದಿದ್ರೆ ಚಕ್ರ ಹಿಡಿದವನೇ ಹೊಣೆ ಅಂದ್ರು. 'ಹಿಡಿದವನು ನಿನ್ನ ಗಂಡ, ಅವನು ಬಿಟ್ಟುಹೋದದ್ದು ನಿನ್ನ ಮನೆ, ಹಾಗಾದ್ರೆ ನಿನ್ನ ಮನೆ ಮೇಲೆ ನೀನೇ ದಾವೆ ಹಾಕಮ್ಮ' ಅಂತ ಆ ಮೀಸೆ ಬರದ ಅಧಿಕಾರಿ ನಕ್ಕ ಎಜೆ."

ಅವಳು ಅಳಲಿಲ್ಲ. ತಲೆಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕಾಲು ಹೋಗ್ಲಿ ಬಿಡಿ. ಒಂದು ಗಾಡಿನೂ ಉರುಳಿಸದ ಮನುಷ್ಯ ಕೊನೆಗೆ ಹೆಂಡ್ತೀನೇ ಮುರಿದ ಅಂತ ಊರು ಮಾತಾಡುತ್ತೆ. ಅದನ್ನ ತಡೆಯೋಕಾಗಲ್ಲ."

ಉಮ್ಸುನಾಯ್ ಬಟ್ಟಲಿಗೆ ಚಹಾ ಬಗ್ಗಿಸಿ ಕೊಟ್ಟರು. "ಮಂಬೆತಾಲಿ ಬಸ್ಸು ಯಾಕೆ ಬಿಟ್ಟ? ಕೈ ಗಟ್ಟಿ ಇತ್ತಲ್ಲ."

"ಸಾಕು ಅಂದ್ರು, ಬಿಟ್ರು. ಆಮೇಲೆ ಸ್ವಲ್ಪ ಮಂಕಾಗಿದ್ರು. ಸಂಜೆ ಹೊತ್ತು ಹೊಸ್ತಿಲು ಎಡವೋರು. ಒಂದಿನ ಕರುವನ್ನ ನಾಯಿ ಅಂತ ಗದರಿಸಿದ್ರು! ನಾನು ನಕ್ಕೂ ನಕ್ಕೂ ಹಾಲು ಚೆಲ್ಲಿದ್ದೆ." ನೆನೆಸಿಕೊಂಡು ಈಗಲೂ ನಕ್ಕಳು. ಆಮೇಲೆ ಕಣ್ಣು ತುಂಬಿತು.

"ಕಾರಲ್ಲಿ ನೀನು ಮಲಗೋ ಮುಂಚೆ ಗಂಡಸರಿಬ್ಬರೂ ಏನು ಮಾತಾಡ್ತಿದ್ರು?"

"ಜಗಳವೇ. ಬೀಗರು ಕಟ್ಟಿಕೊಟ್ಟ ಮಾಂಸದ ಗಂಟನ್ನ ಸಮುದಿನ್ ತನ್ನ ಕಾಲ ಹತ್ರ ಇಟ್ಟಿದ್ದ. 'ಉಣ್ಣೋ ವಸ್ತು ಕಾಲ ಹತ್ರ ಇಡ್ತಾರೇನೋ, ಮಡಿಲಲ್ಲಿ ಇಟ್ಕೊಳ್ಳೋ' ಅಂತ ಇವರು ಬೈದ್ರು. 'ಕೊಬ್ಬು ಸೋರ್ತಿದೆ, ಹೊಸ ಕೋಟು ಹಾಳು ಮಾಡ್ಕೊಳ್ಳಲಾ?' ಅಂತ ಅವನು ನಕ್ಕ. ಅಷ್ಟೇ ನೆನಪು."

ಅವಳು ಹೋದ ಮೇಲೆ ಕೆಂಜೆಬೆಕ್ ತಲೆ ಅಲ್ಲಾಡಿಸಿದ. "ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಎಜೆ? ಮಂಬೆತಾಲಿ ಇದ್ದ ಗಾಡೀಲಿ ಬೇರೆಯವರು ಚಕ್ರ ಮುಟ್ಟೋದುಂಟಾ? ದೇವರು ಕೇಳಿದ್ರೂ ಕೊಡ್ತಿರಲಿಲ್ಲ."

"ಊರೆಲ್ಲ ಅದನ್ನೇ ಹೇಳುತ್ತೆ. ಊರೆಲ್ಲ ಒಂದೇ ಮಾತು ಹೇಳಿದಾಗ, ನೋಡಿದವರು ಯಾರೂ ಇಲ್ಲ ಅಂತ ಅರ್ಥ ಕಣೋ ಕೆಂಜೆ. ಜೀಪು ತೆಗಿ."

ಸಮುದಿನ್ ಬಜಾರಿನ ಅಂಗಡಿಯಲ್ಲಿ ಹಳೆಯ ಟಯರುಗಳ ನಡುವೆ ಒಂಟೆಬಣ್ಣದ ಕೋಟು ತೊಟ್ಟು ಕೂತಿದ್ದ. ಇವರನ್ನು ಕಂಡು ಎದ್ದು ನಿಂತ, ಎರಡೂ ಕೈಯಿಂದ ಎಜೆಯ ಕೈ ಹಿಡಿದ.

"ಏನ್ ಮಾಡೋದು ಎಜೆ, ವಿಧಿ! ಶವಪ್ರಾರ್ಥನೆ ದಿನ 'ಸತ್ತವನಿಂದ ಯಾರಿಗಾದ್ರೂ ಬಾಕಿ ಇದ್ರೆ ಹೇಳಿ' ಅಂತ ಕೇಳ್ತಾರಲ್ಲ, ಆಗ ಎಲ್ಲರೆದುರಿಗೆ ಹೇಳ್ದೆ. ನನ್ನ ಕಾರು ಪುಡಿಯಾದ್ದನ್ನ ಮನ್ನಿಸಿದೀನಿ ಅಂದೆ."

"ಕೇಳಿದೆ. ಮುದುಕರೆಲ್ಲ ನಿನ್ನ ಹೊಗಳಿದರಂತೆ. ಕೋಟು ಚೆನ್ನಾಗಿದೆಯಪ್ಪ. ಮದುವೆಗೂ ಇದೇನಾ?"

"ಇದೇ. ಉರುಳಿದ್ರೂ ಒಂದು ಗುಂಡಿ ಹೋಗ್ಲಿಲ್ಲ ನೋಡಿ! ಅವರ ಕೈಲಿ ಚಕ್ರ, ನನ್ನ ಕಾಲ ಹತ್ರ ಮಾಂಸದ ಗಂಟು, ಹಾಗೇ ತೂಕಡಿಸ್ತಾ ಬಂದೆ."

ಕೋಟಿನ ಮಡಿಲ ಭಾಗ ಅಂಗಡಿಯಿಂದ ಈಗ ತಂದಂತೆ ಸ್ವಚ್ಛವಾಗಿತ್ತು. ಉಮ್ಸುನಾಯ್ ಅದನ್ನು ಮುಟ್ಟಿ ನೋಡಿ, ಬಟ್ಟೆಯನ್ನು ಹೊಗಳಿ, ಹೊರಟುಬಂದರು.

ಕೊಚ್ಕೋರಿನ ಕಡೆಯಿಂದ ಬಂದರೆ ಕೆಂಪು ತಿರುವಿಗೆ ಸ್ವಲ್ಪ ಮೊದಲು, ರಸ್ತೆಯ ಪಕ್ಕದ ದಿಬ್ಬದ ಮೇಲೆ ಕೋಕ್-ಬುಲಾಕಿನ ಗೋರಿಬಯಲು. ಮಣ್ಣಿನ ಗೋಪುರಗಳು, ತುಕ್ಕು ಹಿಡಿದ ಕಬ್ಬಿಣದ ಅರ್ಧಚಂದ್ರಗಳು. ಎಲ್ಲರೂ ಮಾಡುವಂತೆ ಅವರೂ ಅದರ ಮುಂದೆ ಆಮೀನ್ ಅಂದು ಮುಖ ಸವರಿಕೊಂಡರು. ಅಲ್ಲಿನ ಕಾವಲುಗಾರ ಜುಮಾಶ್ ಮುದುಕ ಬೇಲಿಗೆ ತಂತಿ ಬಿಗಿಯುತ್ತಿದ್ದ. ಜೀಪು ನಿಲ್ಲುವ ಮೊದಲೇ ಬೈಗುಳ ಶುರು.

"ಬಂದ್ರಾ? ಸತ್ತ ಮೇಲೇ ಬರ್ತೀರ ಅಂದ್ಕೊಂಡಿದ್ದೆ!"

"ಜಾಗ ಹಿಡಿದಿಟ್ಟಿದೀಯಾ ಅಂತ ನೋಡೋಕೆ ಬಂದೆ ಬಾಯ್ಕೆ," ಅಂದರು ಉಮ್ಸುನಾಯ್. ಬಾಯ್ಕೆ, ಅಂದರೆ ಅಣ್ಣ ಅನ್ನಿಸಿಕೊಂಡ ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ.

"ಆ ಸಂಜೆ ಕಾರು ಹೋದದ್ದು ನೋಡಿದ್ಯಾ?"

"ನೋಡಿದೆ. ಕುರಿ ಅಡ್ಡ ಬಂದಿದ್ವು, ನಿಧಾನಕ್ಕೆ ಹೋಯ್ತು. ಮುಳುಗೋ ಸೂರ್ಯ ನೆಟ್ಟಗೆ ಮುಂದಿನ ಗಾಜಿಗೆ ಹೊಡೀತಿತ್ತು. ಕೆಳಗೆಲ್ಲ ಧೂಳು, ತಲೆ ಕೈ ಮಾತ್ರ ಕಂಡ್ವು. ಬಿಳಿ ಕಲ್ಪಕ್ ಟೋಪಿ ನಮ್ಮ ಮಂಬೆತಾಲಿ. ಇನ್ನೊಬ್ಬ ಕರೀ ಚರ್ಮದ ಟೋಪಿಯವನು."

"ಚಕ್ರ ಯಾರ ಮುಂದಿತ್ತು?"

"ಅಯ್ಯೋ, ಈ ಜಪಾನಿ ಗಾಡಿಗಳಲ್ಲಿ ಒಂದಕ್ಕೆ ಎಡಕ್ಕಿರುತ್ತೆ ಒಂದಕ್ಕೆ ಬಲಕ್ಕೆ, ನನಗೆಲ್ಲಿ ಗೊತ್ತು! ಯಾರು ಯಾವ ಪಕ್ಕ ಅನ್ನೋದೂ ನೆನಪಿಲ್ಲ. ನೆನಪಿರೋದು ಒಂದೇ. ಮಂಬೆತಾಲಿ ಎರಡೂ ಅಂಗೈ ಎತ್ತಿ, ತುಂಬಾ ಹೊತ್ತು ಮುಖ ಸವರಿಕೊಂಡ. ನಮ್ಮಪ್ಪನೂ ಇಲ್ಲೇ ಮಲಗಿರೋದಲ್ವಾ, ನನ್ನ ಹೊಟ್ಟೆ ತಣ್ಣಗಾಯ್ತು. ಆ ಚರ್ಮದ ಟೋಪಿ ಮಾತ್ರ, ಸೊಕ್ಕು ನೋಡು, ನೊಣ ಓಡಿಸೋ ಹಾಗೆ ಒಂದೇ ಕೈ! ಹಣ ಬಂದ್ರೆ ಸತ್ತವರೂ ಕಾಣಲ್ಲ."

ಉಮ್ಸುನಾಯ್ ಮುದುಕನ ಮೈಮೇಲಿದ್ದ ಕಪ್ಪು ಕೋಟನ್ನು ನೋಡಿದರು. "ಇದು ಮಂಬೆತಾಲಿದಲ್ವಾ?"

"ಮತ್ತೆ! ಹೆಣ ತೊಳೆದವರಿಗೆ ಅವನ ಬಟ್ಟೆ ಬರಬೇಕಾದ್ದೇ ತಾನೇ. ನನಗೆ ಕೋಟು ಬಂತು. ರಕ್ತ ಹೋಯ್ತು, ಈ ಕೊಬ್ಬು ಮಾತ್ರ ಬೂದಿ ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ." ಮಡಿಲಿನ ಮೇಲೆ ತಟ್ಟೆಯಗಲದ ಜಿಡ್ಡಿನ ಕಲೆ ಹೊಳೆಯುತ್ತಿತ್ತು.

"ನಲವತ್ತರ ಊಟಕ್ಕೆ ಈ ಕೋಟು ಹಾಕ್ಕೊಂಡೇ ಬಾ ಬಾಯ್ಕೆ," ಅಂದರು ಉಮ್ಸುನಾಯ್.

ಇಬ್ಬರೂ ವಾಪಸು ಹೊರಟರು. ಗೋರಿಬಯಲು ಹಿಂದೆ ಸರಿಯುತ್ತಿದ್ದಂತೆ ಉಮ್ಸುನಾಯ್ ಎರಡೂ ಕೈ ಎತ್ತಿದರು. ಕೆಂಜೆಬೆಕ್ಕೂ ಆಮೀನ್ ಅಂದ. ಉಮ್ಸುನಾಯ್ ತಿರುಗಿ ಅವನನ್ನೇ ನೋಡಿ ಮುಗುಳ್ನಕ್ಕರು. ಯಾಕೆಂದು ಅವನಿಗೆ ಆಗ ಹೊಳೆಯಲಿಲ್ಲ.

ನಲವತ್ತನೆಯ ದಿನ ಬುರ್ಮಾಕಾನಳ ಅಂಗಳದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದ ಬೊರ್ಸೊಕ್ ಮೇಜುಬಟ್ಟೆಯ ತುಂಬ ಹರಡಿತ್ತು. ಊರಿನ ಹಿರಿಯರು, ಮೀಸೆ ಬರದ ಆ ಅಧಿಕಾರಿ, ಸಮುದಿನ್, ಜುಮಾಶ್ ಎಲ್ಲರೂ ಸುತ್ತ ಕೂತಿದ್ದರು. ನೀಲಿ ಬಸ್ಸಿನ ಕತೆಗಳು ಒಂದರ ಹಿಂದೊಂದು ಬಂದವು. ಹಿಮದಲ್ಲಿ ಹೆರಿಗೆಯಾದ ಹೆಂಗಸು, ಟಿಕೆಟ್ಟಿಗೆ ಬದಲು ಕೋಳಿ ಕೊಟ್ಟವನು, ದಾರಿಯಲ್ಲಿ ಇಳಿಸಿದ ಹೋತ ಮುಂದಿನ ತಂಗುದಾಣದಲ್ಲಿ ಕಾದು ನಿಂತದ್ದು. ಜನ ನಕ್ಕರು, ಕಣ್ಣೊರೆಸಿಕೊಂಡರು.

ಪ್ರಾರ್ಥನೆ ಮುಗಿದ ಮೇಲೆ ಉಮ್ಸುನಾಯ್ ಮೆಲ್ಲಗೆ ಕೇಳಿದರು. "ಸಮುದಿನ್, ಆ ಸಂಜೆ ಗೋರಿಬಯಲ ಮುಂದೆ ಆಮೀನ್ ಅಂದಿರೋ ಇಲ್ವೋ?"

ಸಮುದಿನ್‌ಗೆ ಸಿಟ್ಟು ಬಂತು. "ಇದೇನು ಮಾತು ಎಜೆ! ನಾವೇನು ಕಾಫಿರರಾ? ಇಬ್ಬರೂ ಅಂದ್ವಿ."

"ಮಂಬೆತಾಲಿ ಚಕ್ರ ಹಿಡಿದಿದ್ನಲ್ಲ, ಅವನು ಹ್ಯಾಗೆ?"

"ಹ್ಯಾಗೆ ಅಂದ್ರೆ? ಓಡಿಸೋರು ಮಾಡೋ ಹಾಗೆ. ಒಂದು ಕೈ ಚಕ್ರದ ಮೇಲೆ, ಒಂದು ಕೈ ಮುಖಕ್ಕೆ. ಎರಡೂ ಕೈ ಬಿಟ್ರೆ ಗಾಡಿ ಹೊಳೆಗೇ ಹೋಗುತ್ತೆ."

"ಸುಳ್ಳು!" ಜುಮಾಶ್ ಬಟ್ಟಲು ಕುಕ್ಕಿದ. "ಒಂಟಿ ಕೈ ನಿಂದು ಕಣೋ! ಸೂರ್ಯನ ಬೆಳಕಲ್ಲಿ ನಾನೇ ನೋಡಿದೀನಿ. ಮಂಬೆತಾಲಿ ಎರಡೂ ಕೈ ಎತ್ತಿದ..." ಮುದುಕ ತಾನಾಡಿದ ಮಾತು ತನಗೇ ಅರ್ಥವಾಗಿ ಬಾಯಿ ತೆರೆದೇ ಉಳಿದ.

 ಕೂತವರೆಲ್ಲ ಸಮುದಿನ್‌ನತ್ತ ತಿರುಗಿದರು.

"ಹೌದು," ಅಂದರು ಉಮ್ಸುನಾಯ್. "ಬುರ್ಮಾಕಾನ್ ಹೇಳಿದ್ದೂ ನಿಜ, ಹೊರಟಾಗ ಚಕ್ರ ಮಂಬೆತಾಲಿ ಕೈಲಿತ್ತು. ಆದ್ರೆ ಸಂಜೆಯಾದ್ರೆ ಅವನಿಗೆ ಕಣ್ಣು ಕಾಣ್ತಿರಲಿಲ್ಲ. ಹೊಸ್ತಿಲು ಎಡವೋನು, ಕರು ಯಾವುದು ನಾಯಿ ಯಾವುದು ತಿಳೀತಿರಲಿಲ್ಲ. ಬಸ್ಸು ಬಿಟ್ಟದ್ದೂ ಅದಕ್ಕೇ, ಹೆಂಡ್ತಿಗೂ ಹೇಳಿರಲಿಲ್ಲ. ಪ್ರಯಾಣಿಕರ ಜೀವದ ಬಗ್ಗೆ ಅಷ್ಟು ಭಯ ಇದ್ದ ಮನುಷ್ಯ ಹೊತ್ತು ಮುಳುಗುವಾಗ ಚಕ್ರ ಹಿಡೀತಾನಾ? ಎಲ್ಲೋ ಬೆಟ್ಟದ ಮೇಲೆ ಇಳಿದಿರ್ಬೇಕು. ಪಕ್ಕದ ಸೀಟಿಗೆ ಬಂದ. ಅಲ್ಲಿ ಕಾಲ ಹತ್ರ ಏನಿತ್ತು?"

"ಮಾಂಸದ ಗಂಟು," ಅಂದಳು ಬುರ್ಮಾಕಾನ್.

"ಉಣ್ಣೋ ವಸ್ತುವನ್ನ ಕಾಲ ಹತ್ರ ಬಿಡೋ ಜನ ಅಲ್ಲ ಅವನು. ಎತ್ತಿ ಮಡಿಲಲ್ಲಿ ಇಟ್ಕೊಂಡ. ಬಾಯ್ಕೆ, ಎದ್ದು ನಿಲ್ಲು."

ಜುಮಾಶ್ ಎದ್ದ. ಮಧ್ಯಾಹ್ನದ ಬಿಸಿಲಿಗೆ ಕೋಟಿನ ಮೇಲಿನ ಜಿಡ್ಡು ಎಲ್ಲರಿಗೂ ಕಂಡಿತು. ಬುರ್ಮಾಕಾನ್ ಕುಂಟುತ್ತ ಬಂದು ಆ ಕಲೆಯ ಮೇಲೆ ಅಂಗೈ ಇಟ್ಟಳು.

"ಚಕ್ರ ಹಿಡಿದವನ ಮಡಿಲಲ್ಲಿ ಮಾಂಸದ ಗಂಟು ಕೂರೋಕಾಗಲ್ಲ," ಅಂದರು ಉಮ್ಸುನಾಯ್. "ಕಾರು ಮನ್ನಿಸಿದೆ ಅಂದ ದಿನವೇ ನೀನು ತಪ್ಪನ್ನ ಸತ್ತವನ ಜೊತೆ ಹೂತುಬಿಟ್ಟೆ ಸಮುದಿನ್. ನಾವೂ ಮಣ್ಣು ಹಾಕಿದ್ವಿ. ಅವನಿದ್ದಲ್ಲಿ ಬೇರೆ ಚಾಲಕ ಇರೋಕೆ ಸಾಧ್ಯವೇ ಇಲ್ಲ ಅನ್ನೋ ಅಷ್ಟು ಪ್ರೀತಿ ನಮಗೆ. ಆ ಪ್ರೀತಿನೇ ಕಣ್ಣಿಗೆ ಪೊರೆ ಕಟ್ಟಿತು."

ಸಮುದಿನ್ ಚರ್ಮದ ಟೋಪಿ ತೆಗೆದು ಮಂಡಿಯ ಮೇಲಿಟ್ಟ.

"ಬೆಟ್ಟದ ತುದೀಲಿ ಕುರುಬರ ಗುಡಾರ ಇತ್ತು," ಅಂದ, ಯಾರ ಮುಖವನ್ನೂ ನೋಡದೆ. "'ನನಗೆ ಕಾಣ್ತಿಲ್ಲ, ನೀನು ಕುಡಿದಿದೀಯ, ಬೆಳಗಾಗೋ ತನಕ ಇಲ್ಲೇ ಇರೋಣ' ಅಂದ್ರು. ನಾನು ನಕ್ಕೆ. ಕೀಲಿ ಕಿತ್ಕೊಂಡೆ. ಹೆಂಡ್ತಿ ಹಿಂದೆ ಮಲಗಿದಾಳೆ, ಬಿಟ್ಟು ಹ್ಯಾಗಿರಲಿ ಅಂತ ಬಂದು ಪಕ್ಕ ಕೂತ್ರು."

ಅಧಿಕಾರಿ ಕೆಮ್ಮಿದ. "ನಾಳೆ ಠಾಣೆಗೆ ಬಂದು ಇದನ್ನೇ ಹೇಳ್ಬೇಕು."

"ನಾಳೆ ಯಾಕೆ?" ಅಂದರು ಉಮ್ಸುನಾಯ್. "ನಮ್ಮ ಜೀಪು ಇಲ್ಲೇ ಇದೆ. ವಿಮೆನೂ ಇದೆ."

ಸಮುದಿನ್ ಠಾಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಅಂಗಡಿ ಮಾರಿ ಪರಿಹಾರ ಕೊಟ್ಟ. ಹಿಮ ಬೀಳುವ ಮೊದಲೇ ಬುರ್ಮಾಕಾನಳ ಕಾಲು ಬಿಷ್ಕೆಕ್ಕಿನಲ್ಲಿ ನೆಟ್ಟಗಾಯಿತು. ಮುಂದಿನ ವಸಂತದಲ್ಲಿ ಅವಳು ಮಂಡಿ ಊರಿ ಹೊಲಿದ ಮೊದಲ ಕಂಬಳಿ ಉಮ್ಸುನಾಯ್ ಎಜೆಯ ಜಗಲಿಗೆ ಬಂತು. ಕೆಂಪು ಬಿಳುಪಿನ ಕಂಬಳಿ, ಮೂಲೆಯಲ್ಲೊಂದು ನೀಲಿ ಚೌಕ. "ಇದೇನೇ?" ಅಂದರೆ, "ಬಸ್ಸು ಎಜೆ, ಕಾಣಲ್ವಾ?" ಅಂದಿದ್ದಳು.

ಈಗ ಕೋಕ್-ಬುಲಾಕಿನ ಆ ದಿಬ್ಬದ ಮೇಲೆ ಜುಮಾಶ್ ಮಲಗಿದ್ದಾನೆ, ಉಮ್ಸುನಾಯ್ ಎಜೆಯೂ ಮಲಗಿದ್ದಾರೆ. ಜಾಗ ಮುದುಕನೇ ಹಿಡಿದಿಟ್ಟಿದ್ದ. ಕೆಂಜೆಬೆಕ್ ಹಳೆಯ ಜೀಪಿನಲ್ಲಿ ಆ ದಾರಿ ಹಾಯುತ್ತಲೇ ಇರುತ್ತಾನೆ. ಹಿಂದೆ ಬರುವ ಗಾಡಿಗಳು ಹಾರನ್ ಹೊಡೆಯುತ್ತವೆ, ಬೈಯುತ್ತವೆ. ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ರಸ್ತೆಯ ಬದಿಗೆ ಸರಿದು, ಬ್ರೇಕು ಎಳೆದು, ಎಂಜಿನ್ ಆರಿಸಿ, ಆಮೇಲೆಯೇ ಎರಡೂ ಕೈ ಎತ್ತುತ್ತಾನೆ.